ನೀಲಿ ತಟ್ಟೆಯ ಮೇಲಿನ ಅರಿಸಿನ

ಬಿಸಿ ಎಣ್ಣೆಗೆ ಅರಿಸಿನ ಬಿದ್ದಾಗ ಏಳುವ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್ ಊರಿನ ನನ್ನ ಅಡುಗೆಮನೆ ಮರೆತುಹೋಗುತ್ತದೆ. ಮಿಶಿಗನ್ನಿನ ಟ್ರಾಯ್‌ನಲ್ಲಿದ್ದ ನಮ್ಮ ಮನೆಗೆ ಹೋಗಿಬಿಡುತ್ತೇನೆ. ಇಂಥದೊಂದು ವಾಸನೆ ನಿಮಗೂ ಇದ್ದೀತು. ಆ ಮನೆಯ ಊಟದ ಕೋಣೆಯ ಗೋಡೆ ತುಂಬ ಅಪ್ಪನ ತಟ್ಟೆಗಳಿದ್ದವು. ಇನ್ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಮಾಡಿದ ಡೆಲ್ಫ್ಟ್ ತಟ್ಟೆಗಳು: ಮಣ್ಣಿನ ಮೈಗೆ ತವರ ಬೆರೆಸಿದ, ಗಾಜಿನಂತೆ ಹೊಳೆಯುವ ಬಿಳಿ ಲೇಪ, ಅಂದರೆ ಗ್ಲೇಜ್, ಅದರ ಮೇಲೆ ನೀಲಿಯಲ್ಲಿ ಪಗೋಡಗಳು, ಬಾಗಿದ ಮರಗಳು, ಛತ್ರಿ ಹಿಡಿದ ಚೀನೀಯರು. ಗದಗಿನಿಂದ ಬಂದು ಕಾರುಗಳ ಪೇಂಟ್ ಇಂಜಿನಿಯರ್ ಆಗಿದ್ದ ಅಪ್ಪ, ಶನಿವಾರ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಎಸ್ಟೇಟ್ ಸೇಲ್‌ಗಳಿಗೆ ಹೋಗುತ್ತಿದ್ದರು. ತೀರಿಹೋದವರ ಮನೆಯ ಬಾಗಿಲು ತೆರೆದಿಟ್ಟು ಅವರ ಕುರ್ಚಿ, ಕೋಟು, ಚಮಚಗಳನ್ನೆಲ್ಲ ಮಾರುವ ಜಾಗಗಳವು. ಹಳೆಯ ಕಾರ್ಪೆಟ್ಟಿನ ಮುಗ್ಗಲು ವಾಸನೆಯ ನಡುವೆ ನಿಂತು ಅಪ್ಪ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುವರು. ಗ್ಲೇಜ್ ಉದುರಿ ಒಳಗಿನ ಮಣ್ಣು ಕಂಡರೆ, ಇದು ಅಸಲಿ ಎಂದು ಮಗುವಿನಂತೆ ಹಿಗ್ಗುವರು. “ಹಸಿ ಗ್ಲೇಜಿನ ಮ್ಯಾಲೆ ಒಮ್ಮೆ ಬ್ರಶ್ ಇಟ್ರ ಮುಗೀತು, ತಿದ್ದಾಕ ಬರಂಗಿಲ್ಲ,” ಎನ್ನುವುದು ಅವರ ಖಾಯಂ ಮಾತು. ಅವ್ವನಿಗೆ ಇದೆಲ್ಲ ತಮಾಷೆ. “ಚೀನಾ ನೋಡಲಾರದಾವ್ರು ಚೀನಾ ಬಿಡಿಸ್ಯಾರ. ಈ ಛತ್ರಿ ಹಿಡದಾಂವ ಥೇಟ್ ನಮ್ಮ ಸೋದರಮಾವ,” ಎಂದು ನಗುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಯುಗಾದಿಗೆ ಮೂವತ್ತು ಜನ ಊಟಕ್ಕೆ ಬಂದರು. ಚಿತ್ರಾನ್ನ ಹಾಕಿಡಲು ಪಾತ್ರೆ ಸಾಲದೆ, ಅವ್ವ ಗೋಡೆಯ ಮೇಲಿದ್ದ ಎಲ್ಲಕ್ಕಿಂತ ದೊಡ್ಡ ತಟ್ಟೆಯನ್ನು, ಆ ಛತ್ರಿಯವನದನ್ನೇ, ಇಳಿಸಿಬಿಟ್ಟಳು. ಸಂಜೆ ತೊಳೆಯುವಷ್ಟರಲ್ಲಿ ಅರಿಸಿನದ ಎಣ್ಣೆ ಗ್ಲೇಜಿನ ಸಣ್ಣ ಬಿರುಕುಗಳಿಗೆಲ್ಲ ಇಳಿದು, ಛತ್ರಿಯ ಮೇಲಿನ ಆಕಾಶ ಹಳದಿಯಾಗಿತ್ತು. ಅಪ್ಪ ಬೈಯಲಿಲ್ಲ, ಮೂರು ದಿನ ಅವ್ವನ ಜೊತೆ ಮಾತು ಬಿಟ್ಟರು. “ಇರ್ಲಿ ಬಿಡ್ರಿ, ಅವನ ಊರಾಗೂ ಒಂದೀಟು ಬಿಸಲು ಬಿದ್ದೇತಿ,” ಎಂದು ಅವ್ವ ರಮಿಸಿದಳು. ಅಪ್ಪ ನಗಲಿಲ್ಲ. ತಟ್ಟೆ ಕಲೆಯ ಸಮೇತ ಮತ್ತೆ ಗೋಡೆಗೇರಿತು.

ಅವ್ವ ತೀರಿಕೊಂಡ ಮೇಲೆ ಅಪ್ಪ ತಟ್ಟೆಗಳನ್ನೆಲ್ಲ ಮಾರಿ, ಅದೊಂದನ್ನು ಮಾತ್ರ ಇಟ್ಟುಕೊಂಡರು. ಕಲೆಯಾದದ್ದನ್ನು ಯಾರೂ ಕೊಳ್ಳಲಿಲ್ಲವೇನೋ ಎಂದುಕೊಂಡೆ ನಾನು, ದಡ್ಡಿ. ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಖುಷಿಪಡಿಸೋಣವೆಂದು, ಏನೋ ನೆಪ ಹೇಳಿ ತಟ್ಟೆ ತಂದು, ಶಿಕಾಗೋದಲ್ಲಿ ಹಳೆಯ ಪಾತ್ರೆಗಳನ್ನು ಸರಿಮಾಡುವ ಒಬ್ಬ ಹೆಂಗಸಿಗೆ ಕೊಟ್ಟೆ. ಆಕೆ ಕಲೆ ತೆಗೆದಳು. ಮತ್ತೆಂದೂ ಕಲೆ ಹಿಡಿಯದಂತೆ ಬಿರುಕುಗಳನ್ನೂ ಮುಚ್ಚಿಕೊಟ್ಟಳು. ಮುನ್ನೂರು ಮೈಲಿ ಡ್ರೈವ್ ಮಾಡಿ ಒಯ್ದೆ. ಅಪ್ಪ ಕಾಗದ ಬಿಚ್ಚಿದರು, ತಟ್ಟೆಯ ಆಕಾಶದ ಮೇಲೆ ಬೆರಳಾಡಿಸಿದರು. “ಛಲೋ ಆಗೇತವ್ವಾ,” ಎಂದರು.

ಮರುದಿನ ಬೆಳಿಗ್ಗೆ ಅರಿಸಿನದ ವಾಸನೆಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಅಪ್ಪ ಎಣ್ಣೆ ಕಾಯಿಸಿ, ಅರಿಸಿನ ಕಲಸಿ, ತಟ್ಟೆಯ ಆಕಾಶಕ್ಕೆ ಬೆರಳಿನಿಂದ ತಿಕ್ಕುತ್ತಿದ್ದರು. ಒರೆಸಿ ನೋಡುವರು, ಮತ್ತೆ ತಿಕ್ಕುವರು. ನನ್ನನ್ನು ಕಂಡು ಹಳದಿಯಾದ ಬೆರಳು ತೋರಿಸಿ, “ಬಣ್ಣ ಹತ್ತವಲ್ದು,” ಎಂದರು. ಬೆರಳನ್ನು ಮತ್ತೆ ಅರಿಸಿನಕ್ಕೆ ಅದ್ದುತ್ತ, “ಮೂರು ದಿನ ಮಾತಾಡ್ಲಿಲ್ಲ ನೋಡು ನಾ ಆಕಿ ಜೋಡಿ.” ನನಗೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈಗ ಅಪ್ಪನೂ ಇಲ್ಲ. ಟ್ರಾಯ್‌ನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ತಟ್ಟೆ ನನ್ನ ಹತ್ತಿರವಿದೆ. ಪ್ರತಿ ಯುಗಾದಿಗೂ ಚಿತ್ರಾನ್ನವನ್ನು ಅದರಲ್ಲೇ ಹಾಕಿ, ಸಂಜೆಯವರೆಗೂ ಬೇಕೆಂದೇ ತೊಳೆಯದೆ ಬಿಡುತ್ತೇನೆ. ಆಮೇಲೆ ನಲ್ಲಿಯ ಕೆಳಗೆ ಹಿಡಿದರೆ ಸಾಕು, ಎಲ್ಲ ಬಿಟ್ಟುಹೋಗುತ್ತದೆ.