ರೌಟರಿಗೊಂದು ಜೀನ್ಸ್ ಅಂಗಿ

ರಾಯದುರ್ಗದಲ್ಲಿ ಅಕ್ಕನ ಮನೆಯೊಳಗೆ ಫೋನಿಗೆ ಸಿಗ್ನಲ್ ಬರುತ್ತಿರಲಿಲ್ಲ. ಮನೆ ಬೆಟ್ಟದ ಬುಡದಲ್ಲಿದೆ. ಗೋಡೆಗಳು ಹಳೆಯ ಕಾಲದ ಕಲ್ಲುಮಣ್ಣಿನವು, ಮೊಳಕ್ಕಿಂತ ದಪ್ಪ. ಮಾತಾಡಬೇಕಾದರೆ ಮಾಳಿಗೆ ಹತ್ತಬೇಕು. ಮಡಕಶಿರದಲ್ಲಿರುವ ಅಮ್ಮನಿಗೋ ನನಗೋ ಅಕ್ಕ ಫೋನ್ ಮಾಡಿದಾಗಲೆಲ್ಲ ಅವಳ ಮಾತಿನ ಹಿಂದೆ ಮಾಳಿಗೆಯ ಗಾಳಿ, ಗಾಳಿಯ ಹಿಂದೆ ಬೀದಿಯ ಹೊಲಿಗೆ ಮಷೀನುಗಳ ಸದ್ದು. ಆ ಬೀದಿಯಲ್ಲಿ ಜೀನ್ಸ್ ಹೊಲಿಯದ ಮನೆಯನ್ನು ಹುಡುಕಬೇಕು. ಅಕ್ಕನ ಪಡಸಾಲೆಯಲ್ಲೂ ಮೋಟಾರಿನ ಮಷೀನುಗಳಿದ್ದವು. ನೆರೆಯ ಇಬ್ಬರು ಹೆಂಗಸರು ಬೆಳಿಗ್ಗೆ ಬಂದು ಕೂತರೆ ಒಬ್ಬರು ಜೇಬು, ಒಬ್ಬರು ಸೊಂಟಪಟ್ಟಿ, ಅಕ್ಕ ಕಾಲುಗಳ ಜೋಡಿ ಹೊಲಿಗೆ. ಭಾವ ಕಟಿಂಗ್ ಮಾಸ್ಟರ್. ಊರಿನಲ್ಲಿ ಕೆಲಸ ತೆಳ್ಳಗಾದ ವರ್ಷ ತಿರುಪ್ಪೂರಿಗೆ ಹೋದವರು ಅಲ್ಲಿಯ ಕಂಪನಿಯಲ್ಲೇ ನಿಂತರು.

ಕೂಸು ಹುಟ್ಟಿದ್ದು ಆಮೇಲೆ. ಬಾಣಂತನ ಮುಗಿಸಿ ಮಡಕಶಿರದಿಂದ ಹೋದ ಅಕ್ಕ ಕೂಸನ್ನು ಪಡಸಾಲೆಯಲ್ಲಿ ಮಲಗಿಸುವಂತಿರಲಿಲ್ಲ. ಜೀನ್ಸ್ ಬಟ್ಟೆ ಹೊಲಿಯುವಾಗ ಏಳುವ ನೀಲಿ ದೂಳು ಕೂಸಿನ ಮೂಗಿನಲ್ಲಿ ಕಾಣಿಸಿಕೊಂಡ ದಿನ ಡಾಕ್ಟರು ಬೈದಿದ್ದರು. ಹಾಗಾಗಿ ಸೀರೆಯ ತೊಟ್ಟಿಲು ಒಳಕೋಣೆಯ ತೊಲೆಗೆ ಹೋಯಿತು. ಆದರೆ ಮಷೀನಿನ ಸದ್ದಿನಲ್ಲಿ ಒಳಗೆ ಕೂಸು ಅತ್ತರೆ ಕೇಳದು. ಒಂದು ದಿನ ಅದು ಅತ್ತು ಅತ್ತು ಗಂಟಲು ಕಟ್ಟಿ, ಕೊನೆಗೆ ಸದ್ದಿಲ್ಲದೆ ಬರೀ ಬಾಯಿ ತೆರೆಯುತ್ತಿದ್ದುದನ್ನು ಅಕ್ಕ ಕಂಡಳು. ಅವಳಿಗೆ ಅತ್ತೆ ಇಲ್ಲ. ಅಮ್ಮ ಹೋಗಿ ಇರೋಣವೆಂದರೆ ಮನೆಯಲ್ಲಿ ರೇಷ್ಮೆ ಹುಳ. ಬೆಳೆ ಏಳುವ ತನಕ ಹುಳದ ಮನೆ ಬಿಟ್ಟು ಬರುವಂತಿಲ್ಲ, ಒಂದು ಬೆಳೆ ಎದ್ದರೆ ಮುಂದಿನದರ ಚಾಕಿ ಮರಿಹುಳ ಬಂದಿರುತ್ತದೆ.

ಕ್ಯಾಮೆರಾದ ಮಾತು ತೆಗೆದದ್ದು ಭಾವ. ತೊಟ್ಟಿಲ ಮೇಲೊಂದು ವೈಫೈ ಕ್ಯಾಮೆರಾ ಕಟ್ಟಿದರೆ ಅಕ್ಕ ಹೊಲಿಯುತ್ತಲೇ ಫೋನಿನಲ್ಲಿ ಕೂಸನ್ನು ನೋಡಬಹುದು, ತಾವೂ ತಿರುಪ್ಪೂರಿನಿಂದ ನೋಡಬಹುದು. ಕೇಬಲ್ಲಿನವನು ವೈರು ತಂದು ಮನೆಗೆ ಬಿಡುತ್ತಾನೆ, ರೌಟರ್ ನಾವೇ ಕೊಳ್ಳಬೇಕು. ‘ನೀನು ಓದಿದವನು, ಯಾವುದು ಸರಿ ನೋಡಿ ಕೊಡಿಸು’ ಎಂದು ಭಾವ ನನಗೆ ಹೇಳಿದರು. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವನು. ಆದರೂ ರಜೆಯಲ್ಲಿ ಹೋದೆ.

ರೌಟರ್ ಎಲ್ಲಿಡುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಪಡಸಾಲೆಯಲ್ಲಿಟ್ಟರೆ ಆ ಗೋಡೆ ದಾಟಿ ಒಳಕೋಣೆಗೆ ಮುಟ್ಟುವುದಿಲ್ಲ, ಒಳಗಿಟ್ಟರೆ ಪಡಸಾಲೆಗೆ ಬರುವುದಿಲ್ಲ. ಎರಡರ ನಡುವಿನ ಗೋಡೆಯಲ್ಲಿ ಒಂದು ಹಳೆಯ ದೀಪದ ಗೂಡಿತ್ತು. ಒಂದೇ ಬುಡ್ಡಿ ಎರಡೂ ಕಡೆ ಬೆಳಕು ಕೊಡಲೆಂದು ಹಿಂದಿನವರು ಗೋಡೆಯ ಆಚೆಯಿಂದ ಈಚೆಗೆ ತೂತು ಬಿಟ್ಟು ಕಟ್ಟಿದ ಗೂಡು. ಅಕ್ಕ ಅದನ್ನೇ ತೋರಿಸಿದಳು. ಅಳೆದು ನೋಡಿದೆ, ಗೇಣಗಲವೂ ಇರಲಿಲ್ಲ.

ಅಂಗಡಿಯವನು ಮೊದಲು ತೆಗೆದಿಟ್ಟದ್ದು ನಾಲ್ಕು ಆಂಟೆನಾದ ಕರಿಯ ರೌಟರ್.

“ಇದನ್ನ ಒಯ್ರಿ ಸರ. ಬೆಟ್ಟದ ಮ್ಯಾಲಿನ ಕೋಟಿಗೂ ಸಿಗ್ನಲ್ ಹತ್ತತೈತಿ.”

“ಕೋಟ್ಯಾಗ ಯಾರದಾರ್ರಿ ಫೋನ್ ನೋಡಾಕ, ಮಂಗ್ಯಾಗಳು,” ಎಂದಳು ಅಕ್ಕ. “ಕಾಲು ಮ್ಯಾಲೆ ಮಾಡಿ ಸತ್ತ ಜೊಂಡಿಗ ಇದ್ದಂಗೈತಿ. ನಮಗ ಗೂಡಿನ್ಯಾಗ ಗುಬ್ಬಿ ಕೂತಂಗ ಕೂಡೋದು ಬೇಕ್ರಿ.”

ಮದುವೆಯಾದ ಮೇಲೆ ಅಕ್ಕನ ಮಾತು ಪೂರಾ ಆ ಕಡೆಯದಾಗಿಬಿಟ್ಟಿದೆ. ಅಮ್ಮ ಫೋನಿನಲ್ಲಿ ‘ಯಾವೂರ ಹೆಂಗ್ಸೋ ಮಾತಾಡ್ದಂಗೈತೆ’ ಎಂದು ಅಣಕಿಸುತ್ತಾಳೆ. ಅಂಗಡಿಯವನು ನಗುತ್ತ ಸೋಪಿನ ಡಬ್ಬಿಯಷ್ಟು ಚಿಕ್ಕದೊಂದು ಬಿಳಿಯ ರೌಟರ್ ತೆಗೆದ. ನಾನು ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಓದಿದೆ. ವೇಗ ಎಷ್ಟು, ಎಷ್ಟು ಫೋನು ಹಿಡಿಯುತ್ತದೆ, ಕ್ಯಾಮೆರಾಕ್ಕೆ ಸಾಲುತ್ತದೆಯೇ ಎಂದು ಕೇಳಿದೆ.

“ಎರಡು ಖೋಲಿ ಮನಿಗೆ ದಂಡಿ ಆತ್ರಿ. ಸಣ್ಣದಲ್ರಿ, ಸ್ವಲ್ಪ ಬಿಸಿ ಆಕ್ಕೈತಿ. ಅದು ಮಾಮೂಲಿ, ಹೆದರಬ್ಯಾಡ್ರಿ.”

ಗೂಡಿನಲ್ಲಿ ಅದು ಗುಬ್ಬಿಯ ಹಾಗೆಯೇ ಕೂತಿತು. ಸಾಯಂಕಾಲ ಭಾವ ತಿರುಪ್ಪೂರಿನ ತಮ್ಮ ಕೋಣೆಯಿಂದ ಕೂಸಿನ ಕಾಲುಗಳನ್ನು ನೋಡುತ್ತ ಕೂತುಬಿಟ್ಟರು. ಅವರ ಕಡೆಯಿಂದ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು.

ಆ ಊರಿನ ಹೊಲಿಗೆ ಮನೆಗಳಲ್ಲಿ ಯಾವ ಸಾಮಾನನ್ನೂ ಬರಿಮೈಯಲ್ಲಿ ಬಿಡುವುದಿಲ್ಲ. ಮಿಕ್ಸಿಗೆ, ಟೀವಿಗೆ, ಗ್ಯಾಸ್ ಸಿಲಿಂಡರಿಗೆ, ಸ್ಕೂಟರಿನ ಸೀಟಿಗೆ ಉಳಿದ ಜೀನ್ಸ್ ತುಂಡಿನಲ್ಲಿ ಅಂಗಿ ಹೊಲಿದು ತೊಡಿಸುತ್ತಾರೆ. ನೀಲಿ ದೂಳು ಹೊಕ್ಕ ಯಂತ್ರ ಬಾಳುವುದಿಲ್ಲ ಎಂಬುದು ಅವರು ಕೈಯಾರೆ ಕಂಡ ಸತ್ಯ. ಅಕ್ಕ ಅಂದೇ ರೌಟರಿಗೂ ಅಂಗಿ ಹೊಲಿದಳು. ಹಳದಿ ದಾರದ ಜೋಡಿ ಹೊಲಿಗೆ, ಮೇಲೆ ಜಿಪ್ಪು. ಹಿಂಬದಿಗೆ ಪ್ಯಾಂಟಿನದೇ ಜೇಬು, ಅದರಲ್ಲಿ ಅಡಾಪ್ಟರು, ಅದನ್ನು ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸು. ಜೇಬಿನ ಮೇಲೆ ಕಂಪನಿಯ ಲೇಬಲ್ಲು ಸಹ. ಹೆಂಗಸರಿಬ್ಬರೂ ಬಂದು ನೋಡಿ ನಕ್ಕರು. ಒಬ್ಬಾಕೆ, “ಸೊಂಟ ಸ್ವಲ್ಪ ಸಡ್ಲ ಆತವ್ವ, ಬೆಲ್ಟು ಹಾಕು,” ಎಂದಳು. ಫೋಟೋ ಕಳಿಸಿದರೆ ಭಾವ ಬರೆದರು: ‘ನಮ್ಮ ಎರಡನೇ ಕೂಸು.’ ಪಡಸಾಲೆಯ ಕಡೆ ಗೂಡಿನ ಬಾಯಿಗೆ ಅಡ್ಡವಾಗಿ, ಹೊಲಿಯಬೇಕಾದ ಬಟ್ಟೆಯ ಗಂಟುಗಳು ಯಾವಾಗಲೂ ಒಂದರ ಮೇಲೊಂದು ಇರುತ್ತಿದ್ದವು.

ಕ್ಯಾಮೆರಾವನ್ನು ಜೋಡಿಸಿದವನು ನಾನಾದ್ದರಿಂದ ನನ್ನ ಫೋನಿನಲ್ಲೂ ಅದು ಉಳಿಯಿತು. ಮಡಕಶಿರಕ್ಕೆ ಬಂದ ಮೇಲೆ ಬಿಡುವಾದಾಗ ತೆರೆದು ನೋಡುವುದು ಅಭ್ಯಾಸವಾಯಿತು. ಬಿಸಿಲು ಕಾಯತೊಡಗಿದ್ದ ದಿನಗಳು. ಅಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿ, ಫೋನನ್ನು ಡಬ್ಬಿಗೆ ಒರಗಿಸಿದೆ. ಕೂಸು ಮಲಗಿತ್ತು. ಚಿತ್ರ ಸ್ವಲ್ಪ ಮಸುಕಾಗಿತ್ತು. ಫೋನಿನ ಗಾಜಿಗೆ ಕೈಯ ಜಿಡ್ಡು ಹತ್ತಿದೆಯೆಂದು ಅಂಗಿಯ ತುದಿಯಿಂದ ಒರೆಸಿದೆ. ಒರೆಸಿದ್ದು ಈಗಲೂ ಬೆರಳಿಗೆ ನೆನಪಿದೆ. ಒರೆಸಿದ ಮೇಲೂ ಮಸುಕು ಹೋಗಲಿಲ್ಲ. ಆಮೇಲೆ ಅದು ಚಲಿಸಿತು. ಗೂಡಿನ ಕಡೆಯಿಂದ ಬಂದು ತೊಟ್ಟಿಲ ಹಗ್ಗವನ್ನು ಬಳಸಿಕೊಂಡು ಮೇಲೇರಿತು. ಕೂಸು ಒಂದು ಕೈ ಮುಖದ ಹತ್ತಿರಕ್ಕೆ ಎತ್ತಿ ಬಾಯಿ ತೆರೆಯಿತು. ಅಲ್ಲಿಗೆ ಚಿತ್ರ ನಿಂತಿತು.

ಆಕಳಿಕೆಯೋ ಅಳುವೋ ಕೆಮ್ಮೋ, ತಿಳಿಯುವ ಮೊದಲೇ ನಿಂತಿತು.

ಅಕ್ಕನಿಗೆ ವಾಟ್ಸಾಪಿನಲ್ಲಿ ಕರೆ ಮಾಡಿದೆ, ಹೋಗಲಿಲ್ಲ. ಮನೆಗೆ ವೈಫೈ ಬಂದ ಮೇಲೆ ನಮ್ಮ ಮಾತೆಲ್ಲ ಅದರಲ್ಲೇ ನಡೆಯುತ್ತಿತ್ತು, ಮಾಳಿಗೆ ಹತ್ತುವುದನ್ನು ಅಕ್ಕ ಬಿಟ್ಟಿದ್ದಳು. ಮಾಮೂಲಿ ಕರೆ ಮಾಡಿದರೆ ಒಬ್ಬ ಹೆಂಗಸು ಮೆತ್ತನೆಯ ತೆಲುಗಿನಲ್ಲಿ, ನೀವು ಕರೆ ಮಾಡಿದವರು ಸಿಗುವುದಿಲ್ಲವೆಂದಳು. ಭಾವನ ಫೋನು ಬಡಿದುಕೊಂಡು ನಿಂತಿತು. ಕೆಲಸದ ಹೊತ್ತಿನಲ್ಲಿ ಅವರ ಕಂಪನಿಯವರು ಫೋನುಗಳನ್ನು ಗೇಟಿನಲ್ಲೇ ಇಡಿಸುತ್ತಾರೆ. ಅಕ್ಕನ ನೆರೆಯವರ ಯಾರ ನಂಬರೂ ನನ್ನಲ್ಲಿರಲಿಲ್ಲ. ಅಮ್ಮನಿಗೆ ಮಾಡಿದೆ.

“ಅಮ್ಮಾ, ಅಕ್ಕನ ಪಕ್ಕದ ಮನೆಯವ್ರ ನಂಬರ್ ಐತಾ? ಒಳಗೆ ಹೊಗೆ ಕಾಣ್ತಾ ಐತೆ.”

“ಎಲ್ಲಿ ಹೊಗೆ? ಮಗು ಎಲ್ಲೈತ್ಲಾ?”

“ತೊಟ್ಟಿಲಲ್ಲೇ ಐತೆ. ಚಿತ್ರ ನಿಂತೋಯ್ತು.”

“ಚಿತ್ರ ಹಾಳಾಗೋಗ್ಲಿ ಕಣ್ಲಾ, ಮಗು ಹೆಂಗೈತೆ?”

ನಂಬರ್ ಅವಳ ಬಳಿಯೂ ಇರಲಿಲ್ಲ. ಆಮೇಲೆ ನೆನಪಾದದ್ದು ಅಂಗಡಿಯವನು. ರೌಟರ್ ಜೋಡಿಸುವಾಗ ಏನೋ ಕೇಳಲು ಅವನಿಗೆ ಫೋನ್ ಮಾಡಿದ್ದೆ. ಇಡೀ ರಾಯದುರ್ಗದಲ್ಲಿ ಅಕ್ಕನನ್ನು ಬಿಟ್ಟರೆ ನನ್ನ ಫೋನಿಗೆ ಗೊತ್ತಿದ್ದ ಮನುಷ್ಯ ಅವನೊಬ್ಬನೇ.

“ರೌಟರ್ ಬಂದ್ ಆತೇನ್ರಿ? ಗ್ಯಾರಂಟಿ ಐತಿ ಸರ, ಬಾಕ್ಸು ತಗೊಂಡು ಬರ್ರಿ, ಬದಲಿ ಕೊಡ್ತೀನಿ.”

“ಗ್ಯಾರಂಟಿ ಬೇಡಪ್ಪ, ಮನೆಯಲ್ಲಿ ಹೊಗೆ. ಕೂಸು ಒಳಗಿದೆ. ಒಂದು ಸಲ ಓಡಿಹೋಗಿ ಹೇಳು.”

“ಅಯ್ಯ! ಎಲ್ಲೈತ್ರಿ ಮನಿ?”

“ಬೆಟ್ಟದ ಕೆಳಗಿನ ಬೀದಿ. ಜೀನ್ಸ್ ಹೊಲಿಯೋ ಮನೆ.”

“ಆ ಬೀದ್ಯಾಗ ಜೀನ್ಸ್ ಹೊಲಿಲಾರದ ಮನಿ ಯಾವ್ದ್ರಿ ಸರ?”

ಮನೆಯ ಗುರುತು ಹೇಳಲು ಹೋದರೆ ಬಾಗಿಲ ಬಣ್ಣ ಮರೆತಿತ್ತು. ದೀಪದ ಗೂಡು ಇರುವ ಮನೆ ಎಂದೆನಂತೆ. ಅವನೇ, “ಗುಬ್ಬಿ ಕೂತಂಗ ಬೇಕು ಅಂದ್ರಲ್ಲ, ಆ ಅಕ್ಕಾರ ಮನಿ ಅಲ್ರಿ? ಕೇಳ್ತೀನಿ ತಡೀರಿ,” ಎಂದ. ಷಟರ್ ಎಳೆದ ಸದ್ದು ಕೇಳಿತು, ಕರೆ ಕಡಿಯಿತು.

ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಪಾವಗಡದ ಬಸ್ಸು ಹೊರಡುತ್ತಿತ್ತು, ಹತ್ತಿದೆ. ಅಲ್ಲಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ. ನಾನು ಮುಟ್ಟುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿರುತ್ತದೆಂದು ಗೊತ್ತಿತ್ತು, ಆದರೆ ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಕಂಡಕ್ಟರ್, “ಎಲ್ಲಿಗೆ ಸಾರ್?” ಎಂದ. ನಾನು ಅವನಿಗೆ ಫೋನ್ ತೋರಿಸಿದೆ. ಅವನು ಬಗ್ಗಿ ನೋಡಿ, “ನಿಮ್ಮ ಪಾಪುವಾ? ಚೆನ್ನಾಗಿ ನಿದ್ದೆ ಹೊಡೀತಾ ಐತೆ,” ಎಂದು ನಕ್ಕ.

ಅಂಗಡಿಯವನ ನಂಬರಿನಿಂದ ಫೋನು ಬಂದದ್ದು ಬಸ್ಸು ಊರು ದಾಟಿದ ಮೇಲೆ. ಹಲೋ ಎನ್ನುವಷ್ಟರಲ್ಲಿ ಅವನು ಫೋನನ್ನು ಬೇರೆ ಯಾರಿಗೋ ಕೊಟ್ಟ. ಮೊದಲು ಉಸಿರು ಕೇಳಿತು. ಆಮೇಲೆ ಅಕ್ಕ.

“ಕೂಸು ಐತಿ,” ಎಂದಳು. ಅಷ್ಟೇ. ಹಿಂದೆ ಗಂಟಲು ಬಿರಿದ ಅಳು. ಫೋನನ್ನು ಕೂಸಿನ ಹತ್ತಿರ ಹಿಡಿ ಎಂದೆ. ಹಿಡಿದಳು. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ಆ ಅಳು. ಅಕ್ಕ ಸಮಾಧಾನ ಮಾಡಲು ಹೋದರೆ, ಬೇಡ, ಅಳಲಿ, ಇನ್ನೂ ಸ್ವಲ್ಪ ಅಳಲಿ ಎಂದೆ.

ನಡೆದದ್ದನ್ನು ಅವಳು ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದಳು. ಕೂಸನ್ನು ಅಂದು ಅಲ್ಲೇ ಇರಿಸಿಕೊಂಡಿದ್ದರು. ಜೀನ್ಸ್ ಅಂಗಿಯ ಜೇಬಿನೊಳಗೆ ಅಡಾಪ್ಟರು ಕಾದು ಕರಗಿತ್ತು. ಜೀನ್ಸ್ ಬಟ್ಟೆ ಭಗ್ಗನೆ ಉರಿಯುವುದಿಲ್ಲ. ಬೆರಣಿಯ ಹಾಗೆ ಒಳಗೊಳಗೇ ಸುಡುತ್ತ ಹೊಗೆ ಬಿಡುತ್ತದೆ. ಪಡಸಾಲೆಯ ಕಡೆ ಬಟ್ಟೆಯ ಗಂಟುಗಳು ಗೂಡಿನ ಬಾಯಿ ಮುಚ್ಚಿದ್ದರಿಂದ ಹೊಗೆಯೆಲ್ಲ ಒಳಕೋಣೆಗೆ ಇಳಿಯಿತು. ರೌಟರ್ ಸತ್ತಿತು, ಅಕ್ಕನ ಫೋನಿನಲ್ಲೂ ಚಿತ್ರ ನಿಂತಿತು. ಅವಳು ಹೊಲಿಯುತ್ತ ಮಧ್ಯೆ ಮಧ್ಯೆ ಅದನ್ನು ನೋಡುತ್ತಲೇ ಇದ್ದಳು.

“ಮಸುಕು ಕಾಣ್ತು. ನನ್ನ ಫೋನಿನ ಮ್ಯಾಲ ಯಾವಾಗ್ಲೂ ನೀಲಿ ದೂಳು ಇರತೈತಲ್ಲೋ, ಅದ ಅಂದ್ಕಂಡೆ. ಸೆರಗಿಲೆ ಒರೆಸಿದೆ. ನಿದ್ದಿಗಣ್ಣಾಗ ಕೈ ಎತ್ಯಾಳ, ಮಲಗ್ಯಾಳ ಅಂತ ಇನ್ನೊಂದು ಕಾಲು ಹೊಲಿದೆ.”

ಅವಳನ್ನು ಎಬ್ಬಿಸಿದ್ದು ನಾನಲ್ಲ, ಅಂಗಡಿಯವನೂ ಅಲ್ಲ. ಕರಗಿದ ಅಡಾಪ್ಟರಿನಲ್ಲಿ ವೈರಿಗೆ ವೈರು ತಾಗಿ ಮನೆಯ ಫ್ಯೂಸು ಹೋಯಿತು. ಮಷೀನುಗಳು ಒಟ್ಟಿಗೇ ನಿಂತವು. ಹೆಂಗಸರು ಎಂದಿನಂತೆ ಕರೆಂಟಿನವರನ್ನು ಬೈಯಲು ಬಾಯಿ ತೆರೆದರು. ಆ ಮೌನದಲ್ಲಿ ಒಳಗಿನಿಂದ ಸಣ್ಣ ಕೆಮ್ಮು ಕೇಳಿತು. ಅಕ್ಕ ಮೊದಲು ಫೋನ್ ನೋಡಿದಳಂತೆ. ಅದರಲ್ಲಿ ಕೂಸು ಮಲಗಿತ್ತು. ಮತ್ತೆ ಕೆಮ್ಮು ಕೇಳಿತು. ಫೋನಿನ ಕೂಸು ಅಲುಗಲಿಲ್ಲ.

“ಒಂದು ಗಳಿಗಿ ಯಾವುದನ್ನ ನಂಬಬೇಕು ತಿಳೀಲಿಲ್ಲೋ,” ಎಂದಳು. ಅಷ್ಟು ಹೇಳಿ ತನ್ನ ಬೆರಳುಗಳ ನೀಲಿಯನ್ನು ಉಜ್ಜಿಕೊಳ್ಳುತ್ತ ಕೂತಳು.

ಅಂಗಡಿಯವನು ಬಾಗಿಲಿಗೆ ಬರುವಾಗ ಅವಳು ಕೂಸನ್ನೆತ್ತಿಕೊಂಡು ಬೀದಿಯಲ್ಲಿದ್ದಳು. ಹೆಂಗಸರು ಗೂಡಿಗೆ ಮರಳು ಎರಚುತ್ತಿದ್ದರು. ಪಡಸಾಲೆಯ ಬಟ್ಟೆಗಂಟೊಂದಕ್ಕೆ ಆಗಲೇ ಕಿಡಿ ಹತ್ತಿತ್ತು.

ಕೂಸಿಗೆ ಈಗ ಏನೂ ಇಲ್ಲ, ಎಂದು ಡಾಕ್ಟರು ಹೇಳುತ್ತಾರೆ. ನಾನು ಮಾತ್ರ ಆ ಸ್ಟಾಫ್ ರೂಮಿನಿಂದ ಎದ್ದು ಬಂದಿಲ್ಲ. ಪಾಠದ ನಡುವೆ, ಊಟದ ನಡುವೆ, ಆ ಕೈ ಮುಖದ ಹತ್ತಿರ ಏಳುತ್ತದೆ, ಬಾಯಿ ತೆರೆಯುತ್ತದೆ, ನಿಲ್ಲುತ್ತದೆ. ಮುಂದಿನದನ್ನು ನೋಡಲು ಆಗುವುದಿಲ್ಲ. ಯಾಕೆಂದರೆ ಅದನ್ನು ನಾನು ನೋಡಿಲ್ಲ.

ಒಳಕೋಣೆಗೆ ಕೂಸನ್ನು ಒಯ್ಯುವುದಿಲ್ಲವೆಂದು ಅಕ್ಕ ಹಟ ಹಿಡಿದಳು. ತೊಟ್ಟಿಲು ಪಡಸಾಲೆಗೆ ಬಂತು, ಅವಳ ಮಷೀನಿನ ಪಕ್ಕಕ್ಕೆ. ಸುತ್ತ ಹಳೆಯ ಸೊಳ್ಳೆಪರದೆ ಕಟ್ಟಿದ್ದಾಳೆ. ದೂಳು ಪರದೆಯನ್ನು ಕೇಳುತ್ತದೆಯೇ, ವಾರ ಕಳೆಯುವುದರೊಳಗೆ ಬಿಳಿಯದು ತಿಳಿನೀಲಿಯಾಯಿತು. ಮತ್ತೆ ಕೂಸಿನ ಮೂಗು ಕಟ್ಟುತ್ತಿದೆ, ಡಾಕ್ಟರು ಮತ್ತೆ ಬೈದಿದ್ದಾರೆ. “ಒಳಗಿಟ್ರ ಹೊಗಿ, ಹೊರಗಿಟ್ರ ದೂಳು. ಎಲ್ಲಿ ಇಡ್ಲಿ ಹೇಳು? ನೀ ಓದ್ದಾಂವ ಅಲ್ಲ?” ಎಂದು ಕೇಳುತ್ತಾಳೆ. ಅಮ್ಮ ಈ ಬೆಳೆ ಏಳಲಿ ಬರುತ್ತೇನೆ ಎನ್ನುತ್ತಾಳೆ.

ಭಾವ ತಿಂಗಳ ಮೇಲೆ ಮಗಳನ್ನು ನೋಡಿರಲಿಲ್ಲ. ‘ಅಂಗಿ ಹಾಕದಂಗೆ ಇಟ್ಟರೆ ಆಯ್ತಲ್ಲ, ಇನ್ನೊಂದು ರೌಟರ್ ನೋಡು’ ಎಂದರು. ಹೋದ ಸಲ ರಾಯದುರ್ಗಕ್ಕೆ ಹೋದಾಗ ಅದೇ ಅಂಗಡಿಗೆ ಹೋದೆ. ಅವನು ಏನೂ ಕೇಳದೆ ಸಣ್ಣದು, ದೊಡ್ಡದು, ಗೋಡೆಗೆ ಬಡಿಯುವುದು ಎಲ್ಲ ಸಾಲಾಗಿ ಇಟ್ಟ. ಒಂದನ್ನೂ ಮುಟ್ಟಲು ಆಗಲಿಲ್ಲ. ಅವನೇ ಒಂದೊಂದಾಗಿ ಒಳಗಿಟ್ಟು, “ಚಾ ಕುಡೀರಿ ಸರ,” ಎಂದ.

ಈಗ ಸಾಯಂಕಾಲ ಅಕ್ಕ ಕೂಸನ್ನೆತ್ತಿಕೊಂಡು ಮಾಳಿಗೆ ಹತ್ತಿ ಮೊಬೈಲಿನ ನೆಟ್ಟಿನಲ್ಲೇ ವೀಡಿಯೋ ಕರೆ ಮಾಡುತ್ತಾಳೆ. ಅಲ್ಲಿ ನೆಟ್ಟು ಬರುತ್ತದೆ, ಹೋಗುತ್ತದೆ. ಮೊನ್ನೆ ಅವಳ ಹೆಗಲ ಮೇಲೆ ನಿದ್ದೆ ಹೋದ ಕೂಸನ್ನು ತೋರಿಸುತ್ತಿರುವಾಗ ಚಿತ್ರ ನಿಂತುಬಿಟ್ಟಿತು. ಅಕ್ಕನ ದನಿ ಮಾತ್ರ ಕೇಳುತ್ತಿತ್ತು.

“ಅಕ್ಕಾ, ಕೂಸನ್ನ ಎಬ್ಸು.”

“ಹುಚ್ಚಾ, ಈಗ ಮಲಗೈತಿ. ಯಾಕ ಎಬ್ಬಿಸ್ಲಿ?”

“ಎಬ್ಸೇ ಅಕ್ಕಾ.”

ಅವಳು ಬೈಯಲಿಲ್ಲ. ಚಿತ್ರ ಹಾಗೇ ನಿಂತಿತ್ತು. ಸ್ವಲ್ಪ ಹೊತ್ತಿಗೆ, ಗಾಳಿಯ ಸದ್ದಿನ ನಡುವೆ, ನಿದ್ದೆ ಕೆಟ್ಟ ಕೂಸು ರಾಗ ತೆಗೆಯಿತು.