ಪಂಚರ ಪೊಟ್ಟಣ

ನನ್ನ ಮೊದಲ ನೌಕರಿ ನಮ್ಮ ಮನೆಯ ಅಂಗಳದಲ್ಲೇ ಸಿಕ್ಕಿತು ಎಂದರೆ ಈಗ ಯಾರೂ ನಂಬುವುದಿಲ್ಲ. ಬೇಲೆಕೇರಿ ಬಂದರಿನಿಂದ ಕಬ್ಬಿಣದ ಅದಿರು ಚೀನಾಕ್ಕೆ ಹೋಗುತ್ತಿದ್ದ ವರ್ಷಗಳವು. ಮಾರುವವರ ಪರವಾಗಿ ಅದಿರು ಪರೀಕ್ಷಿಸುವ ಸಣ್ಣ ಸಂಸ್ಥೆಯೊಂದು ಅಂಕೋಲೆಯ ಹೊರಗಿದ್ದ ನಮ್ಮ ಮನೆಯ ಹೊರಕೋಣೆಯನ್ನು ಬಾಡಿಗೆಗೆ ಹಿಡಿಯಿತು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಸುಮ್ಮನೆ ಕುಳಿತಿದ್ದ ನನ್ನನ್ನೂ ಕೋಣೆಯ ಜೊತೆಗೇ ತೆಗೆದುಕೊಂಡರು. ಆ ಕೋಣೆಯಲ್ಲಿದ್ದ ಭತ್ತದ ಚೀಲಗಳನ್ನು ಇನ್ನು ಎಲ್ಲಿಡುವುದು ಎಂದು ಅಮ್ಮ ವಾರವಿಡೀ ಗೊಣಗಿದಳು.

ಹಡಗಿಗೆ ತುಂಬುವ ಅದಿರಿನಿಂದ ಅಲ್ಲಲ್ಲಿ ತೆಗೆದ ಮಾದರಿಯನ್ನು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಪುಡಿ ಮಾಡಿ, ಮೂರು ಪೊಟ್ಟಣ ಕಟ್ಟುವುದು ನನ್ನ ಕೆಲಸ. ಒಂದು ಮಾರುವವರಿಗೆ, ಒಂದು ಕೊಳ್ಳುವವರಿಗೆ. ಇಬ್ಬರ ಲೆಕ್ಕವೂ ತಾಳೆಯಾಗದಿದ್ದರೆ ತೀರ್ಪು ಹೇಳುವುದಕ್ಕೆ ಮೂರನೆಯದು. ಅದನ್ನು ನಾವು ಪಂಚರ ಪೊಟ್ಟಣ ಎನ್ನುತ್ತಿದ್ದೆವು. ಅದನ್ನಿಡುವ ಕಪಾಟಿಗೆ ಎರಡು ಬೀಗ. ಒಂದರ ಕೀಲಿ ನನ್ನ ಬಳಿ, ಇನ್ನೊಂದರದ್ದು ಚೀನಾದ ಕಂಪನಿ ಕಳಿಸಿದ ಪ್ರತಿನಿಧಿಯ ಬಳಿ.

ಆತನಿಗೆ ಮೂವತ್ತರ ಆಸುಪಾಸು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ. ಕೀಲಿಯನ್ನು ಕೆಂಪು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ನಾನು ಚಮಚ ಎತ್ತಿದರೆ ಅವನ ಕಣ್ಣು ಚಮಚದ ಮೇಲೆ, ಅವನು ತಕ್ಕಡಿ ಮುಟ್ಟಿದರೆ ನನ್ನ ಕಣ್ಣು ಅವನ ಬೆರಳಿನ ಮೇಲೆ. ಅವನ ಪೊಟ್ಟಣಕ್ಕೆ ನನ್ನ ಅರಗಿನ ಮೊಹರು, ನನ್ನದಕ್ಕೆ ಅವನದು. ನಮ್ಮ ಎರಡು ದೇಶಗಳೂ ಗಡಿಯಲ್ಲಿ ಮುಖ ಗಂಟಿಕ್ಕಿಕೊಂಡು, ಬಂದರಿನಲ್ಲಿ ಭರ್ಜರಿ ವ್ಯಾಪಾರ ಮಾಡುತ್ತಿದ್ದವಲ್ಲ, ಹೊರಕೋಣೆಯಲ್ಲೂ ಅದೇ ಸಂಸಾರ. ಇಬ್ಬರ ಇಂಗ್ಲಿಷೂ ಹರಕು ಮುರುಕು. ಹಾಗಾಗಿ ಜಗಳವೂ ಬೇಗ ಮುಗಿಯುತ್ತಿತ್ತು.

ಅಮ್ಮನಿಗೆ ಇದರಲ್ಲಿ ಒಂದು ಲಾಭವಿತ್ತು. ಪೊಟ್ಟಣ ಕಟ್ಟಿದ ಮೇಲೆ ತಟ್ಟೆಯಲ್ಲಿ ಉಳಿಯುವ ಕೆಂಪು ಪುಡಿ ಅವಳದು. ಗುಡ್ಡದಿಂದ ಕೆಮ್ಮಣ್ಣು ಅಗೆದು ತಂದು, ಜರಡಿ ಹಿಡಿದು, ನೆನೆಹಾಕಿ ತುಳಸಿಕಟ್ಟೆಗೆ ಬಳಿಯುವವಳಿಗೆ ಈ ಪುಡಿ ಸಿಕ್ಕಿದ್ದು ಹಬ್ಬವೇ ಆಯಿತು. "ಎಂತಾ ಬಣ್ಣ ಬತ್ತದೆ ಮಾರಾಯ್ತೀ" ಎಂದು ಅಕ್ಕಪಕ್ಕದ ಮನೆಯವರಿಗೂ ಹಂಚಿದ್ದಳು. ನಮ್ಮ ಕೇರಿಯ ತುಳಸಿಕಟ್ಟೆಗಳೆಲ್ಲ ಆ ವರ್ಷ ರಫ್ತು ಗುಣಮಟ್ಟದವು.

ಅವನು ಬಂದ ಹೊಸತರಲ್ಲಿ ಯಾವುದೋ ಕಾಗದಕ್ಕೆ ಶಿಕ್ಕಾ ಹಾಕಿಸಲು ಇಬ್ಬರೂ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಬೇಕಾಯಿತು. ದಾರಿಯಲ್ಲಿ ಸಮುದ್ರದ ಬದಿಗೆ ನಮ್ಮ ನೌಕಾನೆಲೆಯ ಪ್ರದೇಶವಿದೆ. ಅದು ಶುರುವಾಗುವ ತೋಡೂರು ಬಂತೋ ಇಲ್ಲವೋ, ಆತ ಕತ್ತನ್ನು ಸಮುದ್ರಕ್ಕೆ ಬೆನ್ನಾಗುವಂತೆ ತಿರುಗಿಸಿ ಗುಡ್ಡ ನೋಡುತ್ತ ಕುಳಿತ. ಬೈತಖೋಲ ದಾಟುವವರೆಗೂ ಅದೇ ಭಂಗಿ. ವಾಪಸು ಬರುವಾಗ ನಮ್ಮ ಸೀಟು ಸಮುದ್ರದ ಕಡೆಗೇ ಸಿಕ್ಕಿತು. ಪಾಪ, ಕಣ್ಣು ಮುಚ್ಚಿಕೊಂಡು ನಿದ್ದೆಯ ನಾಟಕ ಆಡಿದ. ನನಗೆ ನಗು ತಡೆಯಲಾಗಲಿಲ್ಲ.

ಮರುದಿನ ಮಧ್ಯಾಹ್ನ ನಾವು ಒಂದು ದೊಡ್ಡ ಹಡಗಿನ ಪುಡಿ ಹಂಚುತ್ತಿದ್ದೆವು. ಹಡಗು ಬೆಳಿಗ್ಗೆಯೇ ಹೊರಟಾಗಿತ್ತು, ಉಳಿದ ಒರಟು ಮಾದರಿಯನ್ನು ಬಂದರಿನ ರಾಶಿಗೇ ಸುರಿದಾಗಿತ್ತು. ಎರಡು ಪೊಟ್ಟಣಕ್ಕೆ ಮೊಹರು ಬಿದ್ದಿತ್ತು. ಮೂರನೆಯದರ ಪುಡಿ ಇನ್ನೂ ತಟ್ಟೆಯಲ್ಲಿರುವಾಗ, ಪರದೇಶಿಗಳ ಮೇಲೆ ಕಣ್ಣಿಡುವ ಪೊಲೀಸಪ್ಪ ಬಂದ. ನಾವಿಬ್ಬರೂ ಕಾಗದಪತ್ರ ಹಿಡಿದು ಜಗಲಿಗೆ ಹೋದೆವು.

"ತಂಗೀ, ಇವ್ರು ನಿನ್ನೆ ಕಾರವಾರದ ಹಾದೀಲಿ ಎಂತೆಂತ ನೋಡಿರು, ಕೇಳು" ಎಂದ ಪೊಲೀಸಪ್ಪ.

ಕೇಳಿದೆ. "ಗುಡ್ಡ" ಎಂದ ಈತ.

"ಮತ್ತೆ?"

"ಮತ್ತೂ ಗುಡ್ಡ."

ಪೊಲೀಸಪ್ಪ ಪುಸ್ತಕದಲ್ಲಿ ಗುಡ್ಡ ಎಂದು ಬರೆದುಕೊಂಡು, ಚಾ ಕುಡಿದು, ಸೈಕಲ್ ಹತ್ತಿದ. ನಮ್ಮ ಪ್ರತಿನಿಧಿ ಬೆವರು ಒರೆಸಿಕೊಳ್ಳುತ್ತ ಜಗಲಿಯಲ್ಲೇ ಕುಳಿತ. ನಾನು ಒಳಗೆ ಬಂದು ನೋಡುತ್ತೇನೆ, ತಟ್ಟೆ ಬರಿದು. ಬರಿದು ಮಾತ್ರವಲ್ಲ, ತೊಳೆದು ಬೋರಲು ಹಾಕಿದೆ.

ಕಿಟಕಿಯಿಂದ ಅಂಗಳ ನೋಡಿದೆ. ತುಳಸಿಕಟ್ಟೆ ಆಗಷ್ಟೇ ಬಳಿದ ಕೆಂಪಿನಲ್ಲಿ ಫಳಫಳ ಹೊಳೆಯುತ್ತಿತ್ತು. ಪಂಚರು ಗೋಡೆ ಸೇರಿಬಿಟ್ಟಿದ್ದರು.

ನೌಕರಿ ಸಿಕ್ಕಿ ಎರಡು ತಿಂಗಳೂ ಆಗಿರಲಿಲ್ಲ. ಮಾದರಿ ಹಾಳು ಮಾಡಿದರು ಎಂದು ಆತ ಒಂದು ಫೋನು ಮಾಡಿದರೆ ನನ್ನ ಕೆಲಸವೂ ಹೋಯಿತು, ಆ ಹೊರಕೋಣೆಗೆ ಭತ್ತವೂ ವಾಪಸು ಬಂತು. ಮೂಲೆಯಲ್ಲಿ ಹಿಂದಿನ ಹಡಗಿನ ಪುಡಿಯ ಡಬ್ಬಿಯಿತ್ತು. ಅದೇ ಬಣ್ಣ, ಅದೇ ನುಣುಪು. ಒಂದು ಹಿಡಿ ತುಂಬಿಬಿಟ್ಟರೆ ದೇವರಿಗೂ ಗೊತ್ತಾಗುವಂತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕೈ ಡಬ್ಬಿಯ ಮುಚ್ಚಳದ ಮೇಲೆ ಹೋಗಿತ್ತು.

ಅಷ್ಟರಲ್ಲಿ ಜಗಲಿಯಿಂದ ಅಮ್ಮನ ದನಿ ಕೇಳಿತು. ನನ್ನ ಮುಖವನ್ನು ಅಂಗಳದಿಂದಲೇ ನೋಡಿದವಳಿಗೆ ಎಲ್ಲ ಅರ್ಥವಾಗಿತ್ತು. ಮೊಣಕೈವರೆಗೆ ಕೆಂಪಾದ ಎರಡೂ ಕೈಗಳನ್ನು ಅವನ ಮುಂದೆ ಚಾಚಿ ನಿಂತಿದ್ದಳು.

"ನಾನೇ ತಕಂಡೆ. ಉಳದದ್ದು ಅಂತ ಮಾಡ್ದೆ. ಕೂಸಿಂದು ತಪ್ಪಿಲ್ಲ, ಬೈಯೂದಾದ್ರೆ ನಂಗೇ ಬೈ."

ನಾನು ಹೊರಗೆ ಓಡಿ ಬಂದು ತೊದಲುತ್ತ ಅದನ್ನು ಇಂಗ್ಲಿಷಿಗೆ ಮಾಡಿದೆ. ಆತ ಅಂಗಳಕ್ಕಿಳಿದು ಕಟ್ಟೆಯ ಸುತ್ತ ಒಂದು ಸುತ್ತು ಬಂದ. ನಮ್ಮ ಪದ್ಧತಿಯ ಪ್ರಕಾರ ಅದು ಪ್ರದಕ್ಷಿಣೆಯೇ ಆಯಿತು. ಯಾಕೆ ಬಳಿದರು ಎಂದು ಕೇಳಿದ.

"ನಾಳೆ ತುಳಸಿ ಲಗ್ನ. ಮದುವೆ ಮನೆ ಬೋಳು ಇಡೂಕಾಗ್ತದಾ?" ಎಂದಳು ಅಮ್ಮ.

ನಾಳೆ ಈ ಗಿಡಕ್ಕೆ ಮದುವೆ ಎಂದೆ ನಾನು. ವರ ಯಾರು ಎಂದ. ದೇವರು ಎಂದೆ. ಆತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಹಾಗಾದರೆ ವಾಪಸು ಕೇಳುವಂತಿಲ್ಲ" ಎಂದ.

ಆಮೇಲೆ ಕೋಣೆಗೆ ಬಂದು ಎಷ್ಟೋ ಹೊತ್ತು ಫೋನನ್ನು ಕೈಯಲ್ಲಿ ತಿರುಗಿಸುತ್ತ ಕುಳಿತ. ನಾನು ಅದನ್ನೇ ನೋಡುತ್ತಿದ್ದೆ. ಕೊನೆಗೆ ಫೋನು ಜೇಬಿಗೆ ಹಾಕಿ, ತನ್ನ ಚೀಲದಿಂದ ತನ್ನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. "ನನ್ನದರಿಂದ ಸ್ವಲ್ಪ ಕೊಡುತ್ತೇನೆ. ನೀನೂ ಅಷ್ಟೇ ಕೊಡು. ಬೆರೆಸಿದರೆ ಮೂರನೆಯದು ಆಗುತ್ತದೆ. ಆದರೆ ನಡೆದದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು."

ಆಗ ನನಗೆ ಬಂದ ಮೊದಲ ಯೋಚನೆ ಎಂತಹದು ಗೊತ್ತೇ? ಇವನೇನೋ ಹೂಟ ಹೂಡಿದ್ದಾನೆ! ಅಂಥ ಹೊತ್ತಿನಲ್ಲೂ ಅವನ ಬೆರಳು ನೋಡಿದೆ. ಅದು ಜೇಬಿನಲ್ಲಿದ್ದ ಫೋನನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿತ್ತು. ಅವನಿಗೂ ನೌಕರಿ ಇತ್ತು, ಅವನಿಗೂ ಬೈಯುವವರಿದ್ದರು ಎಂದು ನನಗೆ ಹೊಳೆದದ್ದೇ ಆಗ. ನನ್ನ ಬಗ್ಗೆ ನನಗೇ ಕೆಟ್ಟದೆನಿಸಿತು. ಅವನ ಪೊಟ್ಟಣದ ಮೇಲಿದ್ದ ನನ್ನ ಮೊಹರನ್ನು ನಾನೇ ಒಡೆದೆ, ನನ್ನದರ ಮೇಲಿದ್ದುದನ್ನು ಅವನು ಒಡೆದ. ತೂಗಿ, ಬೆರೆಸಿ, ಮೂರಕ್ಕೂ ಹೊಸದಾಗಿ ಅರಗು ಹಾಕಿದೆವು. ರಿಜಿಸ್ಟರಿನಲ್ಲಿ "ಮೂರನೆಯ ಮಾದರಿ ಮದುವೆಗೆ ಬಳಕೆಯಾಗಿದೆ" ಎಂದು ಬರೆದು ಇಬ್ಬರೂ ಸಹಿ ಮಾಡಿದೆವು.

ಮೇಲಿನವರು ಫೋನಿನಲ್ಲಿ ನನ್ನ ಮೈಚಳಿ ಬಿಡಿಸಿದರು ನಿಜ. ಆದರೆ ಇಬ್ಬರ ಸಹಿ ಇದ್ದುದರಿಂದ ಅಲ್ಲಿಗೇ ಬಿಟ್ಟರು. ಎರಡೂ ಕಡೆಯ ಪರೀಕ್ಷೆ ತಾಳೆಯಾಯಿತು, ಪಂಚರನ್ನು ಯಾರೂ ಕರೆಯಲಿಲ್ಲ. ಇತ್ತ ಕಟ್ಟೆ ಬಳಿದ ಮರುದಿನವೇ ಲಗ್ನದ ಅವಲಕ್ಕಿಯನ್ನು ಆತ ಎರಡು ಸಲ ಹಾಕಿಸಿಕೊಂಡು ತಿಂದ.

ಮಳೆಗಾಲ ಹತ್ತಿರವಾಗಿ ಬಂದರು ಮುಚ್ಚುವ ಹೊತ್ತಿಗೆ ಅವನಿಗೆ ವಾಪಸು ಬರಲು ಹೇಳಿದರು. ಹೊರಡುವ ಬೆಳಿಗ್ಗೆ ಕೊರಳಿನಿಂದ ಕೀಲಿ ತೆಗೆದ. ನಾನು ಕೈ ಚಾಚಿದೆ. ಆತ ನನ್ನನ್ನು ದಾಟಿಕೊಂಡು ಹೋಗಿ ಅಮ್ಮನ ಅಂಗೈಯಲ್ಲಿಟ್ಟ.

ನಿಯಮದ ಪ್ರಕಾರ ಅದು ನನಗೆ ಸೇರಬೇಕು ಎಂದು ಸಿಟ್ಟಿನಿಂದಲೇ ಹೇಳಿದೆ.

ಆತ ನಕ್ಕ. "ಆ ದಿನ ಜಗಲಿಯಿಂದ ಕೋಣೆಯ ಬಾಗಿಲು ಕಾಣುತ್ತಿತ್ತು. ನಿನ್ನ ಕೈ ಡಬ್ಬಿಯ ಮೇಲಿತ್ತು."

ನನ್ನ ಕಿವಿಗಳು ತುಳಸಿಕಟ್ಟೆಯಷ್ಟೇ ಕೆಂಪಾದವು. ಅಷ್ಟು ತಿಂಗಳು ಎದುರು ಬದುರು ಕೂತು ಕೆಲಸ ಮಾಡಿದ್ದ, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. "ಅವಾ ಎಂತ ಹೇಳ್ದಾ?" ಎಂದು ಅಮ್ಮ ಕೇಳಿದಳು. ನೀನು ಒಳ್ಳೆಯವಳಂತೆ ಎಂದೆ.

ಅದಿರಿನ ಕಾಲ ಮುಗಿದು, ಹೊರಕೋಣೆಗೆ ಭತ್ತ ವಾಪಸು ಬಂದಿದೆ. ಕಪಾಟು ನಮ್ಮಲ್ಲೇ ಉಳಿಯಿತು, ಅದರಲ್ಲಿ ನನ್ನ ಸರ್ಟಿಫಿಕೇಟುಗಳಿವೆ. ಎರಡನೆಯ ಕೀಲಿ ಅಮ್ಮನ ಸಾಸಿವೆ ಡಬ್ಬಿಯಲ್ಲಿದೆ. ಕಪಾಟು ತೆಗೆಯಬೇಕೆಂದರೆ ನಾನು ಈಗಲೂ ಅವಳನ್ನು ಕೇಳಬೇಕು.