ಕನ್ನಡಿಗೆ ಬೊಟ್ಟಿಟ್ಟ ಊರು

ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ ಹೊರಬಂದರೆ, ನನ್ನ ಎಂಟು ಅಂಗುಲದ ದೂರದರ್ಶಕದ ಕನ್ನಡಿಯ ನಟ್ಟನಡುವೆ ಗಂಧ, ಅದರ ಮೇಲೆ ರೂಪಾಯಿ ಅಗಲದ ಕುಂಕುಮ! ಪಕ್ಕದಲ್ಲೊಂದು ಚೆಂಡುಹೂವು. ಹದಿನಾಲ್ಕು ತಿಂಗಳು ಬಾಲ್ಕನಿಯಲ್ಲಿ ಕೂತು ನಾನೇ ಕೈಯಾರೆ ಉಜ್ಜಿದ ಗಾಜು ಅದು. ದೂರದ ಊರಿಗೆ ಕಳಿಸಿ ಅಲ್ಯೂಮಿನಿಯಂ ಲೇಪ ಹಾಕಿಸಿ ತಂದು ಇನ್ನೂ ಮೂರು ದಿನ. ಒರಟು ಬಟ್ಟೆ ತಾಗಿದರೂ ಗೀರು ಬೀಳುವ ಲೇಪ.

ಹಚ್ಚಿದವರು ಪಕ್ಕದ ಮನೆಯ ಸತ್ಯವತಿ ಗಾರು. ಗಾರು ಎಂದರೆ ನಮ್ಮ ‘ಅವರು’. ವಿಶಾಖಪಟ್ಟಣದಲ್ಲಿ ಮೈಯೆಲ್ಲ ಉರಿಯುತ್ತಿದ್ದರೂ ಗಾರು ಬಿಡುವಂತಿಲ್ಲ.

“ಇದೀ ಆಯುಧಮೇ ಕದಂಡೀ! ಬೊಟ್ಟು ಪೆಟ್ಟಕಪೋತೇ ಎಲಾ?” ಎಂದರು. ಇದೂ ಆಯುಧವೇ ತಾನೇ, ಬೊಟ್ಟಿಡದಿದ್ದರೆ ಹೇಗೆ ಎಂದು. ಹಾವೇರಿಯ ನಮ್ಮ ಓಣಿಯಲ್ಲೂ ಈಳಿಗೆಯಿಂದ ಸೈಕಲ್ಲಿನವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ, ಆದರೆ ಅವರವರ ಸಾಮಾನಿಗೆ ಅವರವರೇ ಹಚ್ಚುತ್ತಾರೆ. ಈ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಬಾಗಿಲು ತೆರೆದಿದ್ದರೆ ಮನೆಯೆಲ್ಲ ಎಲ್ಲರದು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಶೈಲಾ ಅಡುಗೆಮನೆಯಿಂದ ಗದರಿದಳು: “ಸುಮ್ನಿರ್ರಿ! ಪ್ರೀತಿಲೆ ಹಚ್ಚ್ಯಾರ. ಹಬ್ಬದ ದಿನ ಮಾರಿ ಗಂಟ ಹಾಕ್ಕೋಬ್ಯಾಡ್ರಿ.”

ಈ ಪ್ರೀತಿಯೇ ನನ್ನ ತಾಪತ್ರಯ. ಇಲ್ಲಿಗೆ ವರ್ಗವಾಗುವ ಮೊದಲು ವಿಜಯವಾಡದ ಪಟಮಟದಲ್ಲಿ ಆರು ವರ್ಷ ಬಾಡಿಗೆಗಿದ್ದೆವು. ಮನೆಯ ಮಾಲೀಕರು ದಿನವೂ ಕೇಳುತ್ತಿದ್ದುದು ಒಂದೇ, “ಏಂ ಕೂರ ಅಂಡೀ ಇವಾಳ?” ಕೂರ ಎಂದರೆ ಪಲ್ಯ, ಇವತ್ತೇನು ಪಲ್ಯ ಎಂದು. ರಾತ್ರಿಯೂಟಕ್ಕೆ ಜೋಳದ ರೊಟ್ಟಿ ಎಂದರೆ, “ಅಯ್ಯೋ, ಷುಗರಾ?” ಎಂದು ಮರುಗುತ್ತಿದ್ದರು. ಅನ್ನ ಬಿಟ್ಟು ರೊಟ್ಟಿ ತಿನ್ನುವವರೆಲ್ಲ ಇವರ ಲೆಕ್ಕದಲ್ಲಿ ರೋಗಿಗಳು. ಇಲ್ಲವೆಂದು ಹೇಳಿ ಹೇಳಿ ಸಾಕಾಗಿ, ಕಡೆಗೆ ಹೌದು ಎಂದುಬಿಟ್ಟೆ. ಮರುದಿನದಿಂದ ಅವರು ಮೆಂತ್ಯದ ಪುಡಿ ಕಳಿಸತೊಡಗಿದರು.

ಮಗಳು ಸಿಂಚನಾ ತೆಲುಗು ಕಲಿತದ್ದು ಅಲ್ಲಿಯೇ. ಬೆಂಜ್ ಸರ್ಕಲ್ಲಿನಲ್ಲಿ ಸ್ಕೂಲ್ ಬಸ್ಸು ಅಲ್ಲಾಡದೆ ನಿಲ್ಲುತ್ತಿದ್ದ ಹೊತ್ತಿನಲ್ಲಿ ಒಂದು ಭಾಷೆಯನ್ನೇನು, ಎರಡನ್ನು ಕಲಿಯಬಹುದಿತ್ತು. ಈಗ ಎಂಟನೇ ಕ್ಲಾಸು. ಊಟ, ಸ್ನಾನ, ಬೈಗುಳಕ್ಕಷ್ಟೇ ಅವಳಿಗೆ ಕನ್ನಡ. ಯೋಚನೆ ಮಾಡುವುದೆಲ್ಲ ತೆಲುಗಿನಲ್ಲಿ. ನಾಳೆ ಅವಳಿಗೊಂದು ದೊಡ್ಡ ಸುಖವೋ ದುಃಖವೋ ಬಂದರೆ ನನ್ನ ಹತ್ತಿರ ಯಾವ ಭಾಷೆಯಲ್ಲಿ ಹೇಳಿಕೊಳ್ಳುತ್ತಾಳೆ ಎಂದು ನನಗೆ ನಿಜವಾಗಿ ಭಯವಿತ್ತು.

ಅದಕ್ಕೇ ಹಟ ಹಿಡಿದಿದ್ದೆ. ನವೆಂಬರಿನಲ್ಲಿ ಟೌನ್‌ಶಿಪ್ಪಿನ ಕನ್ನಡಿಗರೆಲ್ಲ ಸೇರುವ ರಾಜ್ಯೋತ್ಸವದಲ್ಲಿ ಸಿಂಚನಾ ಈ ದೂರದರ್ಶಕವನ್ನು ಮುಂದಿಟ್ಟುಕೊಂಡು, ಜಗತ್ತಿನ ಅತಿ ದೊಡ್ಡ ದೂರದರ್ಶಕಗಳ ಬಗ್ಗೆ ಹತ್ತು ನಿಮಿಷ ಅಪ್ಪಟ ಕನ್ನಡದಲ್ಲಿ ಮಾತಾಡಬೇಕು. ದಿನವೂ ಸಂಜೆ ಕೂರಿಸಿ ಪಾಠ ಮಾಡಿದೆ. ದೂರದರ್ಶಕವೆಂದರೆ ಬೆಳಕು ಹಿಡಿಯುವ ಬೋಗುಣಿ. ಬಾಯಿ ಅಗಲವಿದ್ದಷ್ಟೂ ಹೆಚ್ಚು ಬೆಳಕು. ಭಾರಿ ಮಸೂರ ತನ್ನ ಭಾರಕ್ಕೆ ತಾನೇ ಜೋಲುತ್ತದೆ, ಆದ್ದರಿಂದ ಹಿಂದಿನಿಂದ ಆತು ಹಿಡಿಯಬಹುದಾದ ಕನ್ನಡಿಯೇ ಬೇಕು. ಚಿಲಿಯ ಒಣ ಬೆಟ್ಟದ ಮೇಲೆ ಕಟ್ಟುತ್ತಿರುವುದರ ಕನ್ನಡಿ ಮೂವತ್ತೊಂಬತ್ತು ಮೀಟರ್. ಅದು ಒಂದೇ ಗಾಜಲ್ಲ, ಏಳುನೂರ ತೊಂಬತ್ತೆಂಟು ಆರುಮೂಲೆಯ ತುಂಡುಗಳು. ಒಂದು ತುಂಡು ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ತಗ್ಗಿದರೂ ಅಂಚಿನ ಸೆನ್ಸರಿಗೆ ತಿಳಿಯುತ್ತದೆ, ಹಿಂದಿನ ಮೋಟಾರು ಎತ್ತಿ ಸರಿಮಾಡುತ್ತದೆ. ಅವರಿಗೆ ಒಣ ಗಾಳಿಯ ಬೆಟ್ಟ. ನನಗೆ ಉಪ್ಪುಗಾಳಿಯ ಬಾಲ್ಕನಿ, ಈಗ ಮೇಲೊಂದಿಷ್ಟು ಕುಂಕುಮ!

ನನ್ನ ಮುಖ ನೋಡಿ ಸತ್ಯವತಿ ಗಾರು ಹೆದರಿದರು. “ತಪ್ಪು ಚೇಶಾನಾ ಅಮ್ಮಾ?” ತಪ್ಪು ಮಾಡಿದೆನೇ ಎಂದು ಸಿಂಚನಾಳನ್ನು ಕೇಳಿದರು.

“ಏಂ ಕಾಲೇದು ಆಂಟೀ,” ಏನೂ ಆಗಿಲ್ಲ ಎನ್ನುತ್ತಾ ಅವಳು ಅವರ ಕೈ ಹಿಡಿದು ಕೂರಿಸಿ ವಿವರಿಸತೊಡಗಿದಳು. ಇದರ ಮುಂದೆ ಕೊಳವೆಯಲ್ಲಿ ಇನ್ನೊಂದು ಪುಟ್ಟ ಕನ್ನಡಿ ಕೂರುತ್ತದೆ. ಅದರ ನೆರಳು ಸರಿಯಾಗಿ ಬೊಟ್ಟಿನ ಮೇಲೇ ಬೀಳುತ್ತದೆ. ಆ ಜಾಗಕ್ಕೆ ಬೆಳಕೇ ಬರುವುದಿಲ್ಲ. ದೊಡ್ಡ ದೂರದರ್ಶಕಗಳಲ್ಲಿ ತುಂಡು ತುಂಡಿನ ನಡುವೆ ಸಂದು ಇದ್ದರೂ ಚಂದ್ರ ಇಡಿಯಾಗಿಯೇ ಕಾಣುತ್ತಾನೆ. ನಾನು ಒಂದು ತಿಂಗಳು ಕನ್ನಡದಲ್ಲಿ ತುರುಕಿದ್ದೆಲ್ಲ ತೆಲುಗಿನಲ್ಲಿ ನೀರು ಹರಿದಂತೆ ಹರಿಯಿತು. ಕುಂಕುಮದ ಸಿಟ್ಟು ಅಲ್ಲಿಗೇ ಮರೆತುಹೋಯಿತು. ಇನ್ನೊಂದು ಸಿಟ್ಟು ಶುರುವಾಯಿತು.

“ಇದನ್ನೇ ಕನ್ನಡದಾಗ ಹೇಳಾಕ ನಿನಗೇನು ಧಾಡಿ?” ಎಂದು ರೇಗಿದೆ. ಅವಳು ತಲೆ ತಗ್ಗಿಸಿದಳು.

ರಾಜ್ಯೋತ್ಸವದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಟೌನ್‌ಶಿಪ್ಪಿನ ಕನ್ನಡಿಗರ ಮಕ್ಕಳು. ಸಿಂಚನಾ ಬೋಗುಣಿಯ ಮಾತು ಚೆನ್ನಾಗಿಯೇ ಹೇಳಿದಳು. ತುಂಡುಗಳ ಲೆಕ್ಕವೂ ಆಯಿತು. ಗಾಳಿಯ ನಡುಕಕ್ಕೆ ನಕ್ಷತ್ರ ಅದುರದಂತೆ ಇನ್ನೊಂದು ತೆಳು ಕನ್ನಡಿ ಸೆಕೆಂಡಿಗೆ ನೂರಾರು ಸಲ ಬಾಗುವ ವಿಷಯ ಬಂದಾಗ ನಿಂತುಬಿಟ್ಟಳು. “ಗಾಳಿ... ಗಾಳಿ...” ಎಂದಳು. ಮುಂದೆ ಬರಲಿಲ್ಲ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು, “ತೆಲುಗುಲೋ ಚೆಪ್ಪಕ್ಕಾ, ಅರ್ಥಂ ಕಾವಟ್ಲೇದು,” ಎಂದಳು. ಅರ್ಥವಾಗುತ್ತಿಲ್ಲ, ತೆಲುಗಿನಲ್ಲಿ ಹೇಳಕ್ಕಾ ಎಂದು. ಅವಳಿಗೆ ಈವರೆಗೆ ಹೇಳಿದ್ದೂ ಅರ್ಥವಾಗಿರಲಿಲ್ಲ.

ಸಿಂಚನಾ ನನ್ನತ್ತ ನೋಡಿದಳು. ಕಣ್ಣು ತುಂಬಿತ್ತು. ಅಪ್ಪ ಬೈಯುತ್ತಾನೆ ಎಂಬ ಹೆದರಿಕೆ ನನ್ನ ಮಗಳ ಮುಖದಲ್ಲಿ! ನಾಚಿಕೆಯಿಂದ ಕುಗ್ಗಿಹೋದೆ.

“ಚೆಪ್ಪು ತಲ್ಲೀ,” ಎಂದೆ. ಹೇಳಮ್ಮಾ ಎಂದು ನನ್ನ ಬಾಯಿಗೇಕೆ ಬರಲಿಲ್ಲವೋ ತಿಳಿಯದು.

ಅವಳು ಕಣ್ಣೊರೆಸಿಕೊಂಡು ಶುರುಮಾಡಿದಳು. ಮಕ್ಕಳು ಮುಂದಕ್ಕೆ ಬಾಗಿ ಕೇಳಿದರು. ಮಗನ ಮನೆಗೆಂದು ಮಂಡ್ಯದಿಂದ ಬಂದಿದ್ದ ಮುದುಕಿಯೊಬ್ಬರು ನನ್ನ ಪಕ್ಕ ಕೂತಿದ್ದರು. ಸ್ವಲ್ಪ ಹೊತ್ತು ನೋಡಿ ನನ್ನ ತೋಳು ತಟ್ಟಿದರು.

“ಆ ಮಗಾ ಏನಪ್ಪಾ ಯೋಳ್ತಾ ಅದೆ?”

ನಾನು ಅವರ ಕಿವಿಯ ಹತ್ತಿರ ಬಾಗಿ, ನನ್ನ ಮಗಳ ಮಾತನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತಾ ಕೂತೆ.